ದೇವೀರಿಯ ಕೊಡ

“ಯಾರದಪ್ಪಾ ಈ ಕೊಡ?”

ಅತ್ತಿಗೆ ಇದನ್ನು ಯಾರನ್ನೂ ಕೇಳುತ್ತಿರಲಿಲ್ಲ. ಎದುರುಮನೆ ಸೂರಿನ ಕಡೆ ಮುಖ ಎತ್ತಿ, ಗಾಳಿಯನ್ನು ಕೇಳಿದ ಹಾಗೆ ಕೇಳುತ್ತಿದ್ದರು. ಕೊಡ ಯಾರದು ಅಂತ ಅವರಿಗೆ ಗೊತ್ತಿತ್ತು, ನಲ್ಲಿಯ ಸಾಲಿನಲ್ಲಿ ನಿಂತ ನಮಗೆಲ್ಲ ಗೊತ್ತಿತ್ತು, ಕೊಡದ ಹಿಂದೆಯೇ ಸೆರಗು ಸಿಕ್ಕಿಸಿಕೊಂಡು ನಿಂತ ದೇವೀರಿಗಂತೂ ಚೆನ್ನಾಗಿ ಗೊತ್ತಿತ್ತು. ಅವಳು ಬಾಯಿ ಬಿಡುವುದರೊಳಗೆ ಅತ್ತಿಗೆಯ ಕಾಲು ಕೊಡವನ್ನು ಪಕ್ಕಕ್ಕೆ ಸರಿಸಿರುತ್ತಿತ್ತು. ಸರಿಸುವುದು ಅಂದರೆ ಒದೆಯುವುದೇ. ಖಾಲಿ ಕೊಡ ಡಣಡಣ ಅಂತ ಚರಂಡಿವರೆಗೆ ಉರುಳುವುದು, ಸಾಲಿನಲ್ಲಿ ಯಾರಾದರೂ ಕಿಸಕ್ಕೆಂದು ನಗುವುದು, ದೇವೀರಿ ಹೋಗಿ ಅದನ್ನು ಎತ್ತಿಕೊಂಡು ಬಂದು ಎಲ್ಲರ ಹಿಂದೆ ಇಡುವುದು. ನಮ್ಮ ಬೀದಿಗೆ ಬೆಳಗಾಗುತ್ತಿದ್ದದ್ದು ಹೀಗೆ.

ದೇವೀರಿ ಮತ್ತು ಅವಳ ತಾಯಿ ಸಾಕಮ್ಮ ಹೊಳೆಯಾಚೆಯಿಂದ ಬಂದವರು. ಹಿಟ್ಟಿನ ಗಿರಣಿಯ ಹಿಂದಿನ ಒಂದು ಕೋಣೆಯಲ್ಲಿ ಇದ್ದರು. ಇಬ್ಬರೂ ಕೂತು ಮುತ್ತುಗದ ಎಲೆ ಹಚ್ಚುತ್ತಿದ್ದರು. ಬೀದಿಯ ಮದುವೆ, ಮುಂಜಿ, ತಿಥಿ, ಯಾವುದಕ್ಕೇ ಆಗಲಿ, ನಾವು ಉಣ್ಣುತ್ತಿದ್ದದ್ದು ಅವರು ಹಚ್ಚಿದ ಎಲೆಯಲ್ಲೇ. ಎಲೆಗೆ ಇಲ್ಲದ ಮೈಲಿಗೆ ಕೊಡಕ್ಕೆ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಾನು ಮೊದಲಿನಿಂದ ಮಾತು ಕಡಿಮೆಯವಳು. ಅಪ್ಪ ನರಸಿಂಹದೇವರ ಗುಡಿಯಲ್ಲಿ ಸಂಜೆ ಹೊತ್ತು ಕಾವ್ಯ ಓದುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೂತು ಪದ್ಯಕ್ಕೊಂದು ಹೂಂ ಹಾಕುತ್ತಾ ಬೆಳೆದೆ. ಅರ್ಥವಾಗದ ವಯಸ್ಸಿನಲ್ಲೂ ಹೂಂ ಅನ್ನುತ್ತಿದ್ದೆ. ಅಪ್ಪ ಹೋದ ಮೇಲೆ ಅಣ್ಣ ತಿರುಮಲಯ್ಯ ಓದುವುದಕ್ಕೆ ಕೂತ, ನಾನು ಅದೇ ಕಂಬದ ಹತ್ತಿರ ಕೂತೆ. ಬೀದಿಯವರು ನನ್ನನ್ನು ಕರೆಯುವುದೇ “ಹೂಂ ಅಲಮೇಲು” ಅಂತ. ಮದುವೆ ಆಗಲಿಲ್ಲ, ಅಣ್ಣನ ಮನೆಯಲ್ಲೇ ಇದ್ದೇನೆ.

ನಮ್ಮೂರಲ್ಲಿ ಯಾರಾದರೂ ಹಾಸಿಗೆ ಹಿಡಿಯದೆ, ಹೇಳದೆ ಕೇಳದೆ ಹೋಗಿಬಿಟ್ಟರೆ ಅವರು ಕೊನೆಗೆ ಕೈಯಿಂದ ಕೆಳಗಿಟ್ಟ ಸಾಮಾನು ಇಟ್ಟಲ್ಲೇ ಕೂತುಬಿಡುತ್ತದೆ. ಎತ್ತು ಕಟ್ಟಿ ಎಳೆದರೂ ಕದಲುವುದಿಲ್ಲ. ಸಂತೆಪೇಟೆಯ ರಸ್ತೆ ನಡುವೆ ಒಂದು ಕೊಡೆ ಇದೆ. ಯಾರೋ ನೆಲಕ್ಕೆ ಊರಿ, ಬೆವರು ಒರೆಸಿಕೊಳ್ಳಲು ಕೈಬಿಟ್ಟದ್ದಂತೆ. ನಮ್ಮಜ್ಜಿ ಮದುವೆಯಾಗಿ ಬಂದಾಗಲೇ ಬಟ್ಟೆಯೆಲ್ಲ ಹೋಗಿ ಕಡ್ಡಿ ಉಳಿದಿತ್ತು. ಈಗಲೂ ನೆಟ್ಟಗೆ ನಿಂತಿದೆ, ಬಸ್ಸುಗಳು ಅದನ್ನು ಬಳಸಿಕೊಂಡು ಹೋಗುತ್ತವೆ, ಕಾಗೆಗಳು ಅದರ ಮೇಲೆ ಕೂರುತ್ತವೆ. ಕ್ಷೌರದ ಅಂಗಡಿಯ ಕನ್ನಡಿ ಮುಂದೆ ಒಂದು ಬಾಚಣಿಗೆ ಇದೆ. ಅಂಗಡಿಯವನು ಅದರ ಸುತ್ತ ಬಟ್ಟೆ ಆಡಿಸಿ ಹಲಗೆ ಒರೆಸುತ್ತಾನೆ. ಹಾಗಾಗಿ ನಮ್ಮಲ್ಲಿ ಓಡಾಡುವ ಜಾಗದಲ್ಲಿ ಸಾಮಾನು ಇಡುವವರು ಕಡಿಮೆ. ಹೊಸ್ತಿಲ ಮೇಲೆ ಚೊಂಬಿಟ್ಟ ಸೊಸೆಗೆ ಬೈಗುಳ ತಪ್ಪಿದ್ದಲ್ಲ. “ಹಾಗೇ ಹೋಗಿಬಿಟ್ರೆ ನಾವೆಲ್ಲ ಅದನ್ನ ದಾಟಿಕೊಂಡು ಸಾಯ್ಬೇಕಾ?” ಅಂತ ಅತ್ತೆಯರು ಮುಖಕ್ಕೇ ಕೇಳುತ್ತಾರೆ. ಕೇಳಿಸಿಕೊಂಡವರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೂತ ಸಾಮಾನನ್ನು ಏಳಿಸಬೇಕಾದರೆ ಅದರ ಮೇಲೆ ಪದ ಕಟ್ಟಿ ಹೇಳಬೇಕು. ಪದ ಒಪ್ಪಿದರೆ ಸಾಮಾನು ಒಮ್ಮೆ ಅಲುಗುತ್ತದೆ. ಆಮೇಲೆ ಹೋದವರ ಕಡೆಯ ಒಬ್ಬರು ಹೂಂ ಅನ್ನಬೇಕು. ಹೂಂ ಅಂದರೆ ಎದ್ದುಬರುತ್ತದೆ, ಅನ್ನುವವರಿಲ್ಲದಿದ್ದರೆ ಆ ಕೊಡೆಯ ಹಾಗೆ ಕೂತೇ ಇರುತ್ತದೆ. ಅಪ್ಪ ಈ ಕೆಲಸ ಮಾಡುತ್ತಿದ್ದರು, ಈಗ ಅಣ್ಣ ಮಾಡುತ್ತಾನೆ. “ಹೋದವರನ್ನ ಹೊಗಳೋಕೆ ಹೋಗಬೇಡ ಕಣೋ, ಅವರ ಸಾಮಾನನ್ನ ನೋಡು,” ಅಂತ ಅಪ್ಪ ಅವನಿಗೆ ಹೇಳಿಕೊಟ್ಟಿದ್ದರು. “ಅದನ್ನ ಸರಿಯಾಗಿ ನೋಡಿದ್ರೆ ಹೋದವರು ತಾವೇ ಬಂದು ಪಕ್ಕದಲ್ಲಿ ಕೂತ್ಕೋತಾರೆ.” ಬಟ್ಟೆ ಹೊಲಿಯುವ ರಂಗನಾಯಕಿ ಊಟಕ್ಕೆ ಏಳುತ್ತಾ ಕುಸಿದುಬಿದ್ದಾಗ ಅವಳ ಕತ್ತರಿ ಮೇಜಿನ ಮೇಲೆ ಬಾಯಿ ತೆರೆದುಕೊಂಡೇ ಕೂತುಬಿಟ್ಟಿತ್ತು. ಅಣ್ಣ ಅದರ ಮುಂದೆ ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದು ಹೇಳಿದ:

ಬಾಯಿ ತೆರೆದ ಕತ್ತರಿಯೆ,
ಅರ್ಧ ಸೀಳಿದ ಬಟ್ಟೆಗೆ
ಬಲದ ತೋಳು ಎಲ್ಲಿ ಅಂತ
ಯಾರ ಕೇಳಲಿ ನಾಳೆಗೆ?

ಕತ್ತರಿ ಟಿಕ್ ಅಂತ ಅಲುಗಿತು. ಅವಳ ಗಂಡ ಹೂಂ ಅಂದ. ಆ ಒಂದು ಹೂಂ ಅನ್ನುವಾಗ ಅವನ ಮುಖ ಮುದುಡಿದ್ದು ನೋಡಿ ನಾನು ಗೋಡೆ ಕಡೆ ತಿರುಗಿಕೊಂಡಿದ್ದೆ. ರಂಗನಾಯಕಿ ಎಷ್ಟು ಒಳ್ಳೆಯವಳು ಅಂತ ಆ ಪದದಲ್ಲಿ ಎಲ್ಲೂ ಇಲ್ಲ. ಒಂದು ತೋಳಿಲ್ಲದ ರವಿಕೆ ಇದೆ, ಅಷ್ಟೇ. ಹಾಗಾಗಿ ನನ್ನ ಅಣ್ಣನಿಗೆ ಪದ ಕಟ್ಟಲು ಬರುವುದಿಲ್ಲ ಅಂತ ಯಾರೂ ತಿಳಿಯಬಾರದು.

ಆವತ್ತು ಬೆಳಗಿನ ಸಾಲು ಮುಗಿದು ಎಲ್ಲರೂ ಮನೆ ಸೇರಿದ್ದೆವು. ಅತ್ತಿಗೆ ಜಗಲಿಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದವರು ಮತ್ತೆ ಅದೇ ರಾಗ ಎತ್ತಿದರು. “ಯಾರದಪ್ಪಾ ಈ ಕೊಡ? ನೀರು ಹರಿದು ಬೀದಿಯೆಲ್ಲ ಕೆಸರಾಗ್ತಿದೆ, ನೋಡೋರಿಲ್ವಾ?” ನಾನು ಹೋದೆ. ನಮ್ಮ ಬೀದಿಗೆ ನೀರು ಏರುವುದಿಲ್ಲ ಅಂತ ನಲ್ಲಿಯನ್ನು ನೆಲದಿಂದ ಕೆಳಗೆ, ಕಲ್ಲು ಕಟ್ಟಿದ ಗುಂಡಿಯೊಳಗೆ ಇಳಿಸಿದ್ದಾರೆ. ಒಂದು ಕೊಡ ಇಟ್ಟರೆ ಗುಂಡಿ ಭರ್ತಿ. ನಲ್ಲಿಯ ಮೂತಿ ಕೊಡದ ಬಾಯೊಳಗೇ ಇಳಿದಿರುತ್ತದೆ. ದೇವೀರಿಯ ಸಿಲ್ವಾರದ ಕೊಡ ತುಂಬಿ, ಉಕ್ಕಿ ಹರಿಯುತ್ತಿತ್ತು. ಅವಳು ಗುಂಡಿಯ ಅಂಚಿನ ಕಲ್ಲಿಗೆ ಒರಗಿ, ಮಂಡಿಯ ಮೇಲೆ ತಲೆಯಿಟ್ಟು ಕೂತಿದ್ದಳು.

ನಾನು ಮೊದಲು ನಲ್ಲಿ ನಿಲ್ಲಿಸಿದೆ. ಆಮೇಲೆ ಅವಳನ್ನು ನೋಡಿದೆ. “ನಿದ್ದೆ ಬಂತೇನೆ ದೇವೀರಿ?” ಅಂದೆ. ನೊಣ ಅವಳ ಕೆನ್ನೆಯ ಮೇಲೆ ಕೂತಿತ್ತು, ಅವಳು ಓಡಿಸಲಿಲ್ಲ. ನಾನು ಅವಳನ್ನು ಮುಟ್ಟಲಿಲ್ಲ. ಭುಜ ಹಿಡಿದು ಅಲುಗಿಸಬಹುದಿತ್ತು, ಮೂಗಿನ ಹತ್ತಿರ ಕೈ ಹಿಡಿದು ನೋಡಬಹುದಿತ್ತು. ಅದೇ ತಾನೆ ಸ್ನಾನ ಮಾಡಿದ್ದೆ, ದೇವರ ಮುಂದೆ ದೀಪ ಹಚ್ಚಬೇಕಿತ್ತು. ಗಿರಣಿಯ ಹಿಂದಕ್ಕೆ ಓಡಿಹೋಗಿ ಸಾಕಮ್ಮನನ್ನು ಕೂಗಿದೆ. ಅವಳು ತೊಡೆಯ ಮೇಲಿದ್ದ ಎಲೆಯನ್ನೆಲ್ಲ ಚೆಲ್ಲಿ ಎದ್ದುಬಂದು, ಮಗಳನ್ನು ಮುಟ್ಟಿದ ತಕ್ಷಣ ಎಲ್ಲ ತಿಳಿದವಳ ಹಾಗೆ ಕೆಸರಿನಲ್ಲೇ ಕೂತುಬಿಟ್ಟಳು.

ಹೊಳೆಯಾಚೆಯಿಂದ ಅವರ ಜನ ಬಂದು ಮಣ್ಣು ಮಾಡಿ ಹೋದರು. ಕೊಡ ಉಳಿಯಿತು.

ನಮ್ಮೂರವರಿಗೆ ಕೂತ ಸಾಮಾನು ಹೊಸದಲ್ಲ. ಕೊಡ ಮಲಗುವ ಕೋಣೆಯಲ್ಲಿ ಕೂತಿದ್ದರೆ ಬೇರೆ ಕೋಣೆಯಲ್ಲಿ ಮಲಗುತ್ತಿದ್ದೆವು. ಆದರೆ ಬೀದಿಗೆಲ್ಲ ಇರುವುದು ಅದೊಂದೇ ನಲ್ಲಿ. ನೀರು ಬಿಟ್ಟಾಗ ಸೀದಾ ಅವಳ ಕೊಡದೊಳಗೆ ಬೀಳುತ್ತದೆ, ತುಂಬಿ ಗುಂಡಿಗೆ ಚೆಲ್ಲುತ್ತದೆ, ಚರಂಡಿ ಸೇರುತ್ತದೆ. ರಬ್ಬರ್ ಪೈಪು ಸಿಕ್ಕಿಸೋಣವೆಂದರೆ ಮೂತಿ ಕೊಡದ ಕತ್ತಿನೊಳಗೆ ಇಳಿದಿತ್ತು, ಪಕ್ಕದಲ್ಲಿ ಸಣ್ಣ ಚೊಂಬೊಂದು ಇಳಿಯುವಷ್ಟೇ ಸಂದಿತ್ತು. ಗಿರಣಿಯ ಸಂಜೀವಯ್ಯ, ಬಾಯಿ ಸ್ವಲ್ಪ ಜೋರು, ನಡು ಬೀದಿಯಲ್ಲಿ ನಿಂತು ಹೇಳಿದ: “ಇಷ್ಟಕ್ಕೆ ಯಾಕೆ ಒದ್ದಾಡ್ತೀರಿ? ಕೊಡ ತುಂಬಿದೆ. ಚೊಂಬು ಹಾಕಿ ಮೊಗೆದುಕೊಂಡ್ರೆ ಆಯ್ತಪ್ಪ.” ಅವನ ಹೆಂಡತಿಯೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. “ಓಹೋ, ಹಾಗೋ,” ಅಂದ ಸಂಜೀವಯ್ಯ. “ಹಾಗಾದ್ರೆ ಹೊರಿ.”

ಹೊತ್ತೆವು. ಮೇಲಿನ ಬೀದಿಯ ನಲ್ಲಿಗೆ ಏರು ಹತ್ತಿ ಹೋಗಬೇಕು. ಅಲ್ಲಿಯ ಹೆಂಗಸರು ಮೊದಲು ಅಯ್ಯೋ ಪಾಪ ಅಂದರು. ಆಮೇಲೆ ಅವರ ಮುಖ ಗಂಟಾಗತೊಡಗಿತು. ಒಂದು ಬೆಳಿಗ್ಗೆ ಅಲ್ಲಿ ಒಬ್ಬಳು, ನಮ್ಮ ಕಡೆ ನೋಡದೆ, “ಎಲ್ಲಿಂದ ಬಂದವಪ್ಪಾ ಇಷ್ಟೊಂದು ಕೊಡ, ಬೀದಿಗೊಂದು ರೀತಿ ನೀತಿ ಇಲ್ವಾ?” ಅಂದಳು. ಹಾಗಂದವಳೇ ಕಾಲಿನಿಂದ ಅತ್ತಿಗೆಯ ಹಿತ್ತಾಳೆ ಕೊಡವನ್ನು ಹಿಂದಕ್ಕೆ ನೂಕಿದಳು. ಅತ್ತಿಗೆ ಜಗಳಕ್ಕೆ ನಿಲ್ಲುತ್ತಾರೆ ಅಂದುಕೊಂಡೆ. ಅವರು ಕೊಡ ಎತ್ತಿಕೊಂಡು ಹಿಂದೆ ಹೋಗಿ ನಿಂತರು. ಮನೆಗೆ ಬಂದವರೇ ಅಣ್ಣನಿಗೆ ಹೇಳಿದರು: “ನೀವು ಊರಿಗೆಲ್ಲ ಪದ ಕಟ್ಟುತ್ತೀರಿ. ಇದಕ್ಕೊಂದು ಕಟ್ಟಿ ಪುಣ್ಯ ಕಟ್ಟಿಕೊಳ್ಳಿ. ನನ್ನ ಸೊಂಟ ಬಿದ್ದುಹೋಗ್ತಿದೆ.”

ಬೀದಿಯವರೂ ಅದನ್ನೇ ಕೇಳಲು ಬಂದರು. ಸಾಕಮ್ಮ ಕೇಳಲಿಲ್ಲ. ಅವಳನ್ನು ನಾವೇ ಹೋಗಿ ಕರೆದುಕೊಂಡು ಬಂದೆವು. ಮಗಳು ಹೋದ ಮೇಲೆ ಅವಳು ಕೋಣೆಯಿಂದ ಹೊರಗೆ ಬಂದದ್ದೇ ಕಡಿಮೆ. ಬೆರಳಲ್ಲಿ ಎಲೆ ಹಚ್ಚುವ ಕಡ್ಡಿ ಹಾಗೇ ಇತ್ತು.

ಅಣ್ಣ ಗುಂಡಿಯ ಮುಂದೆ ಮಣೆ ಹಾಕಿಕೊಂಡು ಕೂತು ಪದ ಹೇಳಿದ. ದೇಹವೆಂಬುದು ಮಣ್ಣಿನ ಕೊಡ, ಉಸಿರೆಂಬ ನೀರು, ಒಡೆದರೆ ಬಯಲು, ಹೀಗೆ ಬಂತು. ರಾಗ ಚೆನ್ನಾಗಿತ್ತು. “ಹೂಂ ಅನ್ನವ್ವಾ,” ಅಂದರು ಯಾರೋ. ಸಾಕಮ್ಮ “ಹೂಂ” ಅಂದಳು. ಕೊಡ ಅಲುಗಲೇ ಇಲ್ಲ, ಇನ್ನು ಏಳುವುದೆಲ್ಲಿ ಬಂತು. “ಸಿಲ್ವಾರದ ಕೊಡಕ್ಕೆ ಮಣ್ಣಿನ ಪದ ಹೇಳಿದ್ರೆ ಅದಕ್ಕೆ ಹೇಗೆ ಗೊತ್ತಾಗಬೇಕು ಸ್ವಾಮಿ, ತನ್ನನ್ನೇ ಕರೀತಿರೋದು ಅಂತ?” ಅಂದ ಸಂಜೀವಯ್ಯ. ಅಣ್ಣ ತಲೆ ತಗ್ಗಿಸಿದ. ಇನ್ನೊಂದು ಹೇಳಿದ. ಅದರಲ್ಲಿ ಸಿಲ್ವಾರ ಇತ್ತು, ಮೆಲ್ಲಗೆ ನಡೆದು ಬರುವ ಹುಡುಗಿ ಇದ್ದಳು, ಅವಳು ಬಂದರೆ ನಲ್ಲಿಯೇ ನಗುತ್ತಿತ್ತು, ಬೀದಿಯೇ ಅವಳನ್ನು ಮಗಳೆಂದು ಕರೆಯುತ್ತಿತ್ತು. ಆ ಕೊನೆಯ ಸಾಲು ಬಂದಾಗ ನನ್ನ ಬಾಯಿಂದ ಅಭ್ಯಾಸಬಲದಿಂದ ಹೊರಡಬೇಕಿದ್ದ ಹೂಂ ಹೊರಡಲಿಲ್ಲ. ನಾನೊಬ್ಬಳೇ ಅಲ್ಲ. ಸುತ್ತ ನಿಂತವರಲ್ಲಿ ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಸಾಕಮ್ಮ ಮಾತ್ರ ನಂಬಿದಳು. ಅವಳ ಕಣ್ಣಲ್ಲಿ ನೀರು ಬಂತು. “ಹೂಂ,” ಅಂದಳು, “ಹೂಂ ಸ್ವಾಮಿ.” ಕೊಡ ಕಲ್ಲಿನ ಹಾಗೆ ಕೂತಿತ್ತು. “ನಾನು ಸರಿಯಾಗಿ ಅನ್ನಲಿಲ್ವೇನೋ,” ಅಂತ ಅವಳು ಎಲ್ಲರ ಮುಖ ನೋಡಿದಳು. ಮತ್ತೆ ಒಂದು ಸಲ, ಗಟ್ಟಿಯಾಗಿ, ಹೂಂ ಅಂದಳು.

ಆ ಸಂಜೆ ನಾನು ಗುಡಿಗೆ ಹೋಗಲಿಲ್ಲ.

ಮಾರನೆಯ ದಿನ ಅಣ್ಣ ಊಟ ಮುಗಿಸಿ ಅಡಿಕೆ ಕತ್ತರಿಸುತ್ತಾ ಕೂತಿದ್ದಾಗ ಹೇಳಿದೆ: “ಅಣ್ಣಾ, ಕೊಡದ ಹೊಟ್ಟೆಯಲ್ಲಿ ಒಂದು ನೆಗ್ಗು ಇದೆ. ಅಂಗೈ ಅಗಲ. ಅದು ನಿನ್ನ ಪದದಲ್ಲಿ ಬರಲಿಲ್ಲ.”

“ಗೊತ್ತು,” ಅಂದ.

“ನೋಡಿದ್ದೆಯಾ?”

“ಕಣ್ಣಿಗೆ ಮೊದಲು ಬಿದ್ದದ್ದೇ ಅದು.” ಅವನು ಅಡಿಕೆಯಿಂದ ತಲೆ ಎತ್ತಲಿಲ್ಲ. “ನೆಗ್ಗು ಅಂತ ಶುರು ಮಾಡಿದ್ರೆ ಯಾರ ಕಾಲು ಅಂತಲೂ ಹೇಳಬೇಕಾಗುತ್ತೆ ಅಲಮೇಲು. ಆ ಕಾಲು ಈ ಮನೇದು. ನಾನು ಅಪ್ಪನ ಜಾಗದಲ್ಲಿ ಕೂತಿದ್ದೀನಿ ನಿಜ. ಆದ್ರೆ ನಾಳೆ ಇದೇ ಬೀದೀಲಿ ಬಾಳಬೇಕಲ್ಲ.”

ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಅತ್ತಿಗೆ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. “ಹೇಳಿ, ಧಾರಾಳವಾಗಿ ಹೇಳಿ. ವಿಶಾಲು ಒದ್ದಳು ಅಂತ ರಾಗವಾಗಿ ಹೇಳಿ. ನಾನೊಬ್ಬಳೇ ಒದ್ದದ್ದಾ? ಬೇರೆಯವರ ಕಾಲಿಗೆ ಲಕ್ವ ಹೊಡೆದಿತ್ತಾ?” ಆಮೇಲೆ ನನ್ನ ಕಡೆ ತಿರುಗಿದರು. “ಇವಳು ದಿನಾ ನನ್ನ ಹಿಂದೆಯೇ ನಿಂತಿರುತ್ತಿದ್ದಳಲ್ಲ. ಊರಿಗೆಲ್ಲ ಹೂಂ ಅಲಮೇಲು. ಆಗ ಒಂದು ಸಲ ಊಹೂಂ ಅನ್ನೋದಕ್ಕೆ ಬರಲಿಲ್ವಾ ಇವಳಿಗೆ?”

ನನಗೆ ಕಿವಿಯೆಲ್ಲ ಬಿಸಿಯಾಯಿತು. ಅತ್ತಿಗೆ ಬೈದಿದ್ದಕ್ಕಲ್ಲ. ಅವರು ಹೇಳಿದ್ದು ಪದದಲ್ಲಿ ಇನ್ನೂ ಸೇರಿರಲಿಲ್ಲ ಅಂತ ಹೊಳೆದದ್ದಕ್ಕೆ. ನಾನು ಒಳಗೊಳಗೇ ಕಟ್ಟಿಕೊಂಡಿದ್ದ ಪದದಲ್ಲಿ ನೆಗ್ಗು ಇತ್ತು, ಕಾಲಿತ್ತು, ನಾನಿರಲಿಲ್ಲ. ಅತ್ತಿಗೆಯನ್ನು ನಡುಬೀದಿಯಲ್ಲಿ ನಿಲ್ಲಿಸಿ ನಾನು ಕಂಬಕ್ಕೆ ಒರಗಿ ಕೂರುವ ಲೆಕ್ಕ ಅದು. “ನೀವು ಹೇಳಿದ್ದು ಸರಿ ಅತ್ತಿಗೆ,” ಅಂದೆ. ಅವರಿಗೆ ಇನ್ನೂ ಸಿಟ್ಟು ಬಂತು. “ಸರಿಯಂತೆ ಸರಿ,” ಅಂತ ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೇ, ಬೇರೆ ದನಿಯಲ್ಲಿ, “ಕಟ್ಟುವುದಾದ್ರೆ ಬೇಗ ಕಟ್ಟಿ. ಮೇಲಿನ ಬೀದಿಗೆ ನಾನು ಇನ್ನು ಹೋಗಲ್ಲ,” ಅಂದರು.

ಹಾಗೆ ನಾನು ಮೊದಲ ಸಲ ಒಂದು ಪದ ಕಟ್ಟಿದೆ. ಅಣ್ಣ ಒಂದೆರಡು ಕಡೆ ತಾಳ ಸರಿಮಾಡಿಕೊಟ್ಟ. ಹೇಳುವುದು ನೀನೇ ಹೇಳು ಅಂದ. ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಎಲ್ಲರೂ ಸೇರಿದರು. ಸಾಕಮ್ಮನಿಗೆ ಕೂರಲು ಸಂಜೀವಯ್ಯ ಗಿರಣಿಯಿಂದ ಒಂದು ಗೋಣಿಚೀಲ ತಂದು ಹಾಸಿದ. ನಾನು ಗುಂಡಿಯ ಅಂಚಿನಲ್ಲಿ, ದೇವೀರಿ ಒರಗಿದ್ದ ಕಲ್ಲಿನ ಪಕ್ಕ ನಿಂತೆ. ನನ್ನ ದನಿ ಚೆನ್ನಾಗಿಲ್ಲ. ಓದಿದ ಹಾಗೆ ಹೇಳಿದೆ:

ಸಿಲ್ವಾರದ ಕೊಡವೆ, ನಿನ್ನ ಹೊಟ್ಟೆಯ ನೆಗ್ಗು
ಕಲ್ಲಿನದಲ್ಲ, ಕಟ್ಟೆಯದಲ್ಲ, ನಮ್ಮನೆ ಕಾಲಿನದು.
ಉರುಳಿ ನೀ ಹೋದಾಗ ಎದ್ದ ಆ ನಗೆಯಲ್ಲಿ
ಸುಮ್ಮನೆ ನಿಂತವಳ ಮೌನವೂ ಇಹುದು.
ನೆಗ್ಗಿದ ಮೈಯನ್ನೆ ಒಳಗಡೆ ಮಾಡಿ
ಕಾಣದಿರಲೆಂದು ಸೊಂಟಕ್ಕೆ ಹೊತ್ತಳು.
ಅಲ್ಲಿಗೆ ಸರಿಯಾಗಿ ಕೂರುತಿದ್ದೆ ಕೊಡವೆ,
ಇನ್ನಾವ ಸೊಂಟಕ್ಕೆ ಹೊಂದುವೆ ಹೇಳು?

ಕೊಡ ಅಲುಗಿತು. ತುಂಬಿದ ನೀರು ಒಂದು ಪಕ್ಕಕ್ಕೆ ವಾಲಿ ಕಲ್ಲಿನ ಮೇಲೆ ಚೆಲ್ಲಿತು. ಜನರ ಬಾಯಿಂದ ಒಂದು ಉಸಿರು ಹೊರಟಿತು. ಅತ್ತಿಗೆ ಬಾಗಿ ಸೀರೆಯ ಅಂಚನ್ನು ಎಳೆದು ಪಾದ ಮುಚ್ಚಿಕೊಂಡರು.

ಎಲ್ಲರೂ ಸಾಕಮ್ಮನ ಕಡೆ ನೋಡಿದರು. ಅವಳು ಕೊಡವನ್ನೇ ನೋಡುತ್ತಿದ್ದಳು. “ಯಾರ ಕಾಲವ್ವ?” ಅಂತ ನನ್ನನ್ನು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಹೇಳಿದರು: “ನಂದು.”

“ಒಂದು ದಿನಾನಾ?”

“ದಿನಾ.”

ಸಾಕಮ್ಮ ತಲೆಯಾಡಿಸಿದಳು. ಕೂಗಾಡುತ್ತಾಳೆ, ಮಣ್ಣು ತೂರುತ್ತಾಳೆ ಅಂತ ನಾನು ಕಾಯುತ್ತಿದ್ದೆ, ಹಾಗೆ ಮಾಡಿದ್ದರೆ ಒಳ್ಳೆಯದಿತ್ತು. “ನಂಗೆ ಹಂಗೆ ಹೇಳ್ನಿಲ್ಲ ಅವ್ಳು,” ಅಂದಳು. “ಕೈ ಜಾರಿ ಬಿತ್ತು ಕಣವ್ವ ಅಂದ್ಲು. ನಾನು ಬೈದೆ. ಒಂದು ಕೊಡ ನೆಟ್ಟಗೆ ಹಿಡ್ಕೊಳಾಕೆ ಬರಾಕಿಲ್ವೇನೇ ನಿಂಗೆ, ಕೈಯಾಗೆ ಏನು ಬೆಣ್ಣೆ ಮೆತ್ಕೊಂಡಿದ್ದೀಯಾ ಅಂತ ಬಾಯಿಗೆ ಬಂದಂಗೆ ಬೈದೆ. ಬೈಸ್ಕೊಂಡು ನಗ್ತಿದ್ಲು.”

ಅತ್ತಿಗೆ ಅಳತೊಡಗಿದರು. ಸದ್ದು ಬಾರದ ಹಾಗೆ ಸೆರಗು ಬಾಯಿಗೆ ತುರುಕಿಕೊಂಡರು. ಅವರನ್ನು ಹಿಡಿದುಕೊಳ್ಳಲು ನನ್ನ ಕೈ ಮುಂದೆ ಹೋಗಲಿಲ್ಲ. ಆ ಕೈ ಮೊದಲು ಎಲ್ಲಿಗೆ ಹೋಗಬೇಕಿತ್ತು ಅಂತ ನನಗೆ ನೆನಪಿತ್ತು. ಅಣ್ಣ ಮಣೆಯಿಂದ ಎದ್ದು, ಬೀದಿಯವರೆಲ್ಲರ ಮುಂದೆ ಸಾಕಮ್ಮನಿಗೆ ಕೈ ಮುಗಿದ. ಗುಡಿಯಲ್ಲಿ ಓದುವ ಅಣ್ಣ ಹೊಳೆಯಾಚೆಯವರಿಗೆ ಕೈ ಮುಗಿದದ್ದನ್ನು ಆ ಬೀದಿ ಹಿಂದೆ ನೋಡಿರಲಿಲ್ಲ.

“ತಪ್ಪಾಯ್ತು ಸಾಕಮ್ಮ,” ಅಂದ. “ಎಲ್ಲರದ್ದೂ ತಪ್ಪಾಯ್ತು. ಪದ ಒಪ್ಪಿದೆ, ಕೊಡ ಅಲುಗಿದ್ದನ್ನ ನೀನೂ ನೋಡಿದೆ. ಇನ್ನೊಂದು ಹೂಂ ಅಂದುಬಿಡು. ಕೊಡವನ್ನ ನಿನ್ನ ಕೋಣೆಗೆ ನಾನೇ ಹೊತ್ತುತರ್ತೀನಿ.”

“ಕಂಡೆ ಅಯ್ನೋರೆ. ಪದ ಸರಿಯಾಗೇ ಐತೆ.” ಅವಳು ಗೋಣಿಚೀಲದ ಮೇಲಿಂದ ಎದ್ದು ಗುಂಡಿಯ ಹತ್ತಿರ ಬಂದಳು. ಬಗ್ಗಿ ಕೊಡದ ಮೈ ಸವರಿದಳು. ನೆಗ್ಗು ಇದ್ದಲ್ಲಿ ಅವಳ ಅಂಗೈ ಒಂದು ಗಳಿಗೆ ನಿಂತಿತು.

ಕೊನೆಗೆ ನಾನು ಕೇಳಿದೆ. “ಸಾಕಮ್ಮಾ, ಅವತ್ತು ನಾನು ಅವಳನ್ನ ಮುಟ್ಟಿ ಎಬ್ಬಿಸಲಿಲ್ಲ. ನನಗೆ ಮುಖ ಇಲ್ಲ ನಿನ್ನ ಕೇಳೋಕೆ. ಆದ್ರೂ ಕೇಳ್ತೀನಿ. ಒಂದು ಹೂಂ ಅನ್ನು.”

ಅವಳು ನನ್ನನ್ನು ನೋಡಿದಳು. ಕೋಪದ ನೋಟ ಅಲ್ಲ ಅದು, ಅಳತೆ ಮಾಡಿದ ಹಾಗಿತ್ತು.

“ಇನ್ನು ಇದನ್ನ ಯಾರೂ ಒದೆಯಾಕಾಗಾಕಿಲ್ಲ ಅಲ್ವಾ?” ಅಂದಳು.

“ಇಲ್ಲ,” ಅಂದೆ.

“ಹಿಂದಕ್ಕೆ ನೂಕಾಕೂ ಆಗಾಕಿಲ್ಲ.”

“ಆಗಲ್ಲ.”

“ನೀರು ತುಂಬೈತೆ, ಬೇಕಾದೋರು ಚೊಂಬಾಕಿ ಮೊಕ್ಕೊಳ್ಳಿ,” ಅಂತ ಸಾಕಮ್ಮ ಸೆರಗಿಗೆ ಕೈ ಒರೆಸಿಕೊಂಡಳು. “ಹೂಂ ಮಾತ್ರ ನಾನು ಅನ್ನಾಕಿಲ್ಲ.”